ಗಾಲಿಗೆ ಹತ್ತಿದ ಮಣ್ಣು

ಕೂತವನಿಗೆ ಊರು ದೂರ, ನಡೆದವನಿಗೆ ಹತ್ತಿರ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಆ ಮಾತು ಹೇಳಿದವನ ಮೊಣಕಾಲು ಗಟ್ಟಿ ಇದ್ದಿರಬೇಕು ಎಂದು ಚನ್ನಬಸಯ್ಯನಿಗೆ ಈಚೆಗೆ ಅನ್ನಿಸತೊಡಗಿತ್ತು.

ಚನ್ನಬಸಯ್ಯ ಅಜ್ಜಾರ ಹಿಂದೆ ಗಂಟು ಹೊತ್ತು ನಡೆಯುವವನು. ಅಜ್ಜಾರು ದೇವರ ಹಿಪ್ಪರಗಿಯ ಆಚೆ ಇದ್ದ ಒಂದು ಸಣ್ಣ ಮಠದ ಸ್ವಾಮಿಗಳು. ಅವರನ್ನು ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಈಗ ಯಾರೂ ಉಳಿದಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಲ್ಲಿ ಅಜ್ಜಾರೆಂದರೆ ಅವರೇ. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಅವರು ಬರಿಗಾಲಲ್ಲಿ ಮಠ ಬಿಡುವರು. ಬಾಗೇವಾಡಿ ಹಾದು, ಮುದ್ದೇಬಿಹಾಳ ದಾಟಿ, ತಂಗಡಗಿಯಲ್ಲಿ ಕೃಷ್ಣೆಯ ನೀರು ಕಣ್ಣಿಗೊತ್ತಿಕೊಂಡು, ಡೋಣಿ ಹೊಳೆಯ ದಂಡೆ ಹಿಡಿದು ತಿರುಗಿ ಬಂದು, ಸಿಂದಗಿಯ ಹಳ್ಳಿಗಳನ್ನು ಸುತ್ತಿ, ಇಂಡಿ ತಾಲೂಕಿನ ಹೊರ್ತಿಗೆ ಬಂದರೆ ಆ ವರ್ಷದ ಸುತ್ತು ಮುಗಿಯಿತು. ಅಷ್ಟರಲ್ಲಿ ಮಳೆಯ ಮೋಡ ಕಾಣಿಸಿಕೊಳ್ಳುತ್ತಿತ್ತು.

ಗಂಟಿನಲ್ಲಿ ಇರುವುದೇನು ಹೆಚ್ಚಿಲ್ಲ. ಪೂಜೆಯ ಸಾಮಾನು, ವಿಭೂತಿ ಗಟ್ಟಿ, ಒಂದು ಜೋಡಿ ಕಾವಿ, ಒಂದು ಕಂಬಳಿ. ಮೀಸೆ ಮೂಡುವ ಹೊತ್ತಿಗೆ ಅದನ್ನು ಹೆಗಲಿಗೇರಿಸಿದ ಚನ್ನಬಸಯ್ಯನಿಗೆ ಈಗ ಗಡ್ಡ ಬೆಳ್ಳಗಾಗಿತ್ತು. ಮೊಣಕಾಲು ಮಡಚಿದರೆ ಒಣಗಿದ ತೊಗರಿ ಕಟ್ಟಿಗೆ ಮುರಿದ ಸದ್ದು; ಅಜ್ಜಾರಿಗೆ ಕೇಳದಂತೆ ಅದನ್ನು ಕೆಮ್ಮಿ ಮುಚ್ಚುವನು. ಬೆಳಿಗ್ಗೆ ಏಳುವಾಗ ಗೋಡೆ ಬೇಕು, ಗೋಡೆ ಇಲ್ಲದ ಕಡೆ ಶಿವನ ಹೆಸರು ಬೇಕು. ಆದರೆ ಈ ನೋವನ್ನು ಅವನು ಅಜ್ಜಾರಿಗೆ ಹೇಳಿರಲಿಲ್ಲ. ಹೇಳದೆ ಇರುವುದಕ್ಕೆ ಕಾರಣ ಮಠದ ಬಾಗಿಲಲ್ಲೇ ಕೂತಿತ್ತು.

ಅದು ಶ್ರೀಶೈಲಯ್ಯ. ಚನ್ನಬಸಯ್ಯನಿಗಿಂತ ಮೊದಲು ಗಂಟು ಹೊತ್ತವನು. ಒಂದು ವರ್ಷ ಸಿಂದಗಿಯ ಹತ್ತಿರ ಕಾಲು ಸೋತು ಕೂತಾಗ ಅಜ್ಜಾರು, "ಸಾಕಪ್ಪ, ಇನ್ನ ಮಠದಾಗ ಕುಂದರು, ಬಂದವರಿಗೆ ವಿಭೂತಿ ಕೊಡು" ಎಂದರು. ಕರುಣೆಯ ಮಾತೇ ಅದು. ಶ್ರೀಶೈಲಯ್ಯ ಅಂದಿನಿಂದ ಹೆಬ್ಬಾಗಿಲ ಕಟ್ಟೆಯ ಮೇಲೆ ಕೂತ. ಉಂಡದ್ದು ಮೈಗೆ ಹತ್ತಲಿಲ್ಲ. ಬಂದವರ ಹಣೆಗೆ ವಿಭೂತಿ ಹಚ್ಚುತ್ತ ಒಂದೇ ಮಾತು ಕೇಳುವನು: "ಅಜ್ಜಾರು ಎಲ್ಲಿಗೆ ಮುಟ್ಯಾರ?" ಯಾರೋ ಬಾಗೇವಾಡಿ ಅನ್ನುವರು, ಯಾರೋ ತಂಗಡಗಿ ಅನ್ನುವರು. ಅವನು ಕಣ್ಣು ಮುಚ್ಚಿ ಅಲ್ಲಿಯ ದಾರಿಯನ್ನು ಮನಸ್ಸಿನಲ್ಲಿ ನಡೆದು ಬರುವನು. ಆ ಕಟ್ಟೆಯ ಮೇಲೆ ಇನ್ನೊಬ್ಬರಿಗೆ ಜಾಗ ಇತ್ತು. ಚನ್ನಬಸಯ್ಯನಿಗೆ ಸಾವಿನ ಭಯ ಇರಲಿಲ್ಲ. ಆ ಕಟ್ಟೆಯ ಭಯ ಇತ್ತು.

ಹಿಂದಿನ ವರ್ಷ ಸಿಂದಗಿಯಲ್ಲಿ ಕಾಳಿನ ವ್ಯಾಪಾರಿ ಬಸಂತರಾಯನ ಮನೆಯಲ್ಲಿ ಪ್ರಸಾದವಾದ ಮೇಲೆ, ಕೈಗೆ ನೀರು ಹಾಕಿಸಿಕೊಳ್ಳುತ್ತ ಚನ್ನಬಸಯ್ಯ ಒಂದು ಮಾತು ಬಿಟ್ಟಿದ್ದ.

"ಅಜ್ಜಾರಿಗೆ ಮೊದಲಿನಂಗ ನಡ್ಯಾಕ ಆಗವಲ್ದರಿ, ರಾಯರ. ಹೇಳ್ಕೊಳ್ಳೂದಿಲ್ಲ, ಅಷ್ಟ."

ಬಸಂತರಾಯ ಮೆದು ಮನಸ್ಸಿನವನು, ಕಣ್ಣಲ್ಲಿ ನೀರು ತಂದುಕೊಂಡ. ಆಗೆಲ್ಲ ಕಾರೆಂದರೆ ಹೆಸರು ಹಚ್ಚಿ ವರ್ಷಗಟ್ಟಲೆ ಪಾಳಿ ಕಾಯಬೇಕಾದ ಕಾಲ. ತನಗೆಂದು ಸೋಲಾಪುರದ ಅಂಗಡಿಯಲ್ಲಿ ಹೆಸರು ಹಚ್ಚಿದ್ದ ಅಂಬಾಸಿಡರ್ ಈ ಸುಗ್ಗಿಯಲ್ಲಿ ಬಂದಾಗ ಅವನು ಅದನ್ನು ಮನೆಗೆ ಒಯ್ಯಲೇ ಇಲ್ಲ. ನೇರ ಮಠಕ್ಕೆ ತಂದು, ಕೀಲಿಕೈಯನ್ನು ವೀಳ್ಯದೆಲೆಯ ಮೇಲಿಟ್ಟು ಅಜ್ಜಾರ ಪಾದದ ಹತ್ತಿರ ಇಟ್ಟ. ಗಾಡಿ ಹೊಡೆಯಲು ಇಬ್ರಾಹಿಂಸಾಬನನ್ನೂ ಗೊತ್ತು ಮಾಡಿದ್ದ.

ಅಜ್ಜಾರು ಹಾಲಿನಂಥ ಬಿಳಿ ಕಾರನ್ನು ಬಹಳ ಹೊತ್ತು ನೋಡಿದರು. "ಭಕ್ತ ಪ್ರೀತಿಲೆ ಕೊಟ್ಟದ್ದು. ಒಲ್ಲೆ ಅನ್ನಬಾರದು," ಎಂದರು. ಕೈ ಮುಗಿದು ಹತ್ತಿದರು.

ಮುಂದಿನ ಸೀಟಿನಲ್ಲಿ ಇಬ್ರಾಹಿಂಸಾಬನ ಪಕ್ಕ ಕೂತಾಗ ಚನ್ನಬಸಯ್ಯನ ಮೊಣಕಾಲು ಎಷ್ಟೋ ವರ್ಷದ ಮೇಲೆ ತೆಪ್ಪಗಾದವು. ಗಂಟು ಮಡಿಲಲ್ಲಿತ್ತು, ಹೆಗಲು ಹಗುರ. ಹೊರಗೆ ಹೊಲಗಳು ತಾವಾಗಿಯೇ ಹಿಂದೆ ಸರಿಯುತ್ತಿದ್ದವು. ಶಿವನೇ, ಇನ್ನು ನಾನು ಕಟ್ಟೆಗೆ ಹೋಗುವುದಿಲ್ಲ, ಸಾಯುವ ತನಕ ಅಜ್ಜಾರ ಜೊತೆಗೇ ಇರುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಹಿಂದೆ ಅಜ್ಜಾರು ಪದ್ಮಾಸನ ಹಾಕಿ ಕಣ್ಣು ಮುಚ್ಚಿದ್ದರು. ದಾರಿಯ ಹಳ್ಳಿಗಳಲ್ಲಿ ಜನ ಓಡಿ ಬಂದು ನಿಲ್ಲುತ್ತಿದ್ದರು. ಅವರು ಹೆಗಲ ಮೇಲಿನ ಟವೆಲ್ಲು ಇಳಿಸಿ ಕೈ ಮುಗಿಯುವಷ್ಟರಲ್ಲಿ ಕಾರು ಮುಂದಿನ ಹಳ್ಳ ಇಳಿದಿರುತ್ತಿತ್ತು. ಬಿಸಿಲೇರುವ ತನಕ ನಡೆದು ಒಂದು ಬೇವಿನ ಮರ ಸೇರುತ್ತಿದ್ದ ಕಡೆ, ಈಗ ಬೇವಿನ ಮರವೇ ಕಾಣುತ್ತಿರಲಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಮುಗಿಯಬೇಕಾದ ಸುತ್ತು ಬಿಸಿಲು ಕಾಯುವ ಮೊದಲೇ ಹೊರ್ತಿಗೆ ಬಂದು ಮುಟ್ಟಿತು.

ಹೊರ್ತಿಯಿಂದ ಅರ್ಧ ಹರದಾರಿ ಒಳಗೆ, ಕಲ್ಲುಮಡ್ಡಿಯ ಬರಡು ದಿಬ್ಬದ ಮೇಲೆ ಲಕ್ಕವ್ವನ ವಸ್ತಿ. ಒಂದು ಹೊಲ, ಒಂದು ಗುಡಿಸಲು. ಗಂಡ ತೀರಿದ ಮೇಲೆ ಹೊಲ ತಾನೇ ಮಾಡಿಸುತ್ತಿದ್ದಳು. "ನಮ್ಮ ಹೊಲದಾಗ ಕಲ್ಲ ಬೆಳೀತಾವರಿ, ಅದಕ್ಕ ಮಳೀನೂ ಬೇಕಾಗಿಲ್ಲ" ಎಂದು ನಗುವವಳು. ಪ್ರತಿ ವರ್ಷ ಅಜ್ಜಾರ ಸುತ್ತು ಕೊನೆಗೊಳ್ಳುವುದು ಅವಳ ಹೊಲದ ಬದುವಿನ ಮೇಲೆ. ಅಲ್ಲಿ ಒಂದು ಹಾಸುಗಲ್ಲಿದೆ. ಅಜ್ಜಾರು ಅದರ ಮೇಲೆ ನಿಂತರೆ ಲಕ್ಕವ್ವ ಅಗಲವಾದ ಹಿತ್ತಾಳೆ ಪರಾತ ಇಟ್ಟು ಪಾದ ತೊಳೆಯುವಳು. ನೀರು ಒಂದು ಸಲ ಕರ್‍ರಗೆ ಬರುವುದು, ಒಂದು ಸಲ ಕೆಂಪಗೆ, ಆಮೇಲೆ ಬೂದು ಬಣ್ಣಕ್ಕೆ. "ಡೋಣಿ ಮಣ್ಣ ಬಂತ ನೋಡ್ರಿ, ಬೆಣ್ಣಿ ಇದ್ದಂಗ ಐತಿ" ಎಂದು ಬೆರಳಲ್ಲಿ ಮುಟ್ಟಿ ನೋಡುವಳು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಅನ್ನುತ್ತಾರಲ್ಲ, ಆ ಡೋಣಿಯ ಮಣ್ಣು ಅಜ್ಜಾರ ಹಿಮ್ಮಡಿಯ ಸೀಳಿನಲ್ಲಿ ಕೂತು ಅವಳ ಮಡ್ಡಿಗೆ ಬರುತ್ತಿತ್ತು. ಮೂರು ಗುಟುಕು ಕುಡಿದು, ಉಳಿದ ನೀರನ್ನು ಹೊಲದ ನಾಲ್ಕೂ ಮೂಲೆಗೆ ಚಿಮುಕಿಸುವಳು. ಜೋಳ ಬರುತ್ತಿತ್ತೋ ಬಿಡುತ್ತಿತ್ತೋ, ಅದು ಶಿವನಿಚ್ಛೆ. ನಾಲ್ಕು ಸೀಮೆಯ ಮಣ್ಣು ತನ್ನ ಹೊಲದಲ್ಲಿದೆ ಎಂಬ ಗರ್ವ ಮಾತ್ರ ವರ್ಷವಿಡೀ ಇರುತ್ತಿತ್ತು.

ಈ ವರ್ಷ ಕಾರು ಅವಳ ಬದುವಿನ ತನಕ ಬಂದು ನಿಂತಿತು. ಅಜ್ಜಾರು ಇಳಿದು ಹಾಸುಗಲ್ಲಿನ ಮೇಲೆ ನಿಂತರು. ಲಕ್ಕವ್ವ ಪರಾತ ಇಟ್ಟು ನೀರು ಹೊಯ್ದಳು. ನೀರು ಹೊಯ್ದಷ್ಟೇ ತಿಳಿಯಾಗಿ ಪರಾತಕ್ಕೆ ಬಿತ್ತು. ಇನ್ನೊಂದು ತಂಬಿಗೆ ಹೊಯ್ದಳು. ತಳದ ಹಿತ್ತಾಳೆ ಹೊಳೆಯಿತು.

"ಮಣ್ಣs ಇಲ್ಲಲ್ಲರಿ ನನ್ನಪ್ಪಾ," ಎಂದಳು ಲಕ್ಕವ್ವ, ಹೆದರಿ.

ಅಜ್ಜಾರು ತಮ್ಮ ಪಾದ ತಾವೇ ನೋಡಿಕೊಂಡರು. 

ಲಕ್ಕವ್ವ ಮೆಲ್ಲಗೆ ಎದ್ದು ಸುತ್ತ ನೋಡಿದಳು. ಕಾರಿನ ಗಾಲಿಗಳ ಮೇಲೆ ಅವಳ ಕಣ್ಣು ನಿಂತಿತು. ಸಂದಿಸಂದಿಗೆ ಎರೆಮಣ್ಣು ತುಂಬಿಕೊಂಡಿತ್ತು. ಅವಳ ಮುಖ ಅರಳಿತು. "ಅಯ್ಯ, ಇಲ್ಲೇ ಐತಲ್ಲ!" ಎಂದವಳೇ ಪರಾತ ಎತ್ತಿಕೊಂಡು ಹೋಗಿ, ಮುಂದಿನ ಗಾಲಿಯ ಬುಡಕ್ಕೆ ಹಿಡಿದು, ನೀರು ಹೊಯ್ದು ಎರಡೂ ಕೈಯಲ್ಲಿ ತೊಳೆದಳು. ಗಾಲಿಗೆ ಹಣೆ ಹಚ್ಚಿದಳು. ಯಾರಿಗೂ ಏನೂ ಹೊಳೆಯುವ ಮೊದಲೇ ಬೊಗಸೆ ತುಂಬಿ ಒಂದು ಗುಟುಕು ಕುಡಿದಳು.

"ಏ ಯವ್ವಾ! ಅದರಾಗ ಗ್ರೀಸ ಐತಿ, ಉಗಳು, ಉಗಳು!" ಇಬ್ರಾಹಿಂಸಾಬ ಬಾಗಿಲು ತೆಗೆದು ಕೂಗಿದ.

"ನೀ ಸುಮ್ನಿರೋ ತಮ್ಮಾ," ಎಂದಳು ಲಕ್ಕವ್ವ, ತುಟಿ ಒರೆಸಿಕೊಳ್ಳುತ್ತ. "ಅಜ್ಜಾರ ಸುತ್ತು ಯಾರ ಕಾಲ್ಲೆ ಆಗೈತಿ, ಅವರ ಕಾಲ ತೊಳೀಬೇಕು. ಈ ವರ್ಷ ನಡದದ್ದು ಇದs ಅಲ್ಲೇನು?"

 ಚನ್ನಬಸಯ್ಯನಿಗೆ ನಗು ಬಂತು, ಆದರೆ ಅಜ್ಜಾರ ಮುಖ ನೋಡಿ ತಲೆ ತಗ್ಗಿಸಿದ. ಅಜ್ಜಾರು ಕಲ್ಲಿನಿಂದ ಇಳಿದು ಬಂದು, ಪರಾತದ ನೀರಿನಲ್ಲಿ ಬೆರಳದ್ದಿ ತಮ್ಮ ಕಣ್ಣಿಗೆ ಒತ್ತಿಕೊಂಡರು.

"ಲಕ್ಕವ್ವ ಖರೇ ಹೇಳಿದಳು. ನಾಲ್ಕ ತಾಲೂಕು ನಡದದ್ದು ಇದು. ನಾ ಅಲ್ಲ." ಆಮೇಲೆ ಚನ್ನಬಸಯ್ಯನ ಕಡೆ ತಿರುಗಿ, "ಸೋಲಾಪುರ ಇಲ್ಲಿಂದ ಹತ್ರ ಐತಿ. ಬಂದ ಅಂಗಡಿಗೇ ಇದನ್ನ ತಿರುಗಿ ಮುಟ್ಟಿಸಿ ಬಾ. ಬಸಂತರಾಯಗ ಹೇಳಿ ಕಳಸು," ಎಂದರು.

ಮರುದಿನವೇ ಬಸಂತರಾಯ ಬಸ್ಸು ಹಿಡಿದು, ಮಡ್ಡಿಯ ದಾರಿಯಲ್ಲಿ ಬೆವರುತ್ತ ನಡೆದು ಬಂದ. ಅಜ್ಜಾರು ಗುಡಿಸಲ ಮುಂದಿನ ಚಪ್ಪರದಲ್ಲಿ ಕೂತಿದ್ದರು. ಬಸಂತರಾಯ ಅಡ್ಡಬಿದ್ದು ಅತ್ತ.

"ನನ್ನಿಂದ ಏನ ತಪ್ಪಾತ್ರಿ ಅಜ್ಜಾರ?"

"ಏನೂ ತಪ್ಪಿಲ್ಲ. ನಿನ್ನ ಗಾಡಿ ಛಲೋ ಐತಿ. ನೀನs ಒಯ್ಯಿ, ಮಕ್ಕಳು ಮರಿ ಕೂಡ ತಿರುಗಾಡು."

"ಅದೊಂದ ಮಾತು ಹೇಳಬ್ಯಾಡ್ರಿ. ಗುರುವಿಗೆ ಕೊಟ್ಟದ್ದು ತಿರುಗಿ ನನ್ನ ಹೊಸ್ತಿಲಾ ದಾಟೂದಿಲ್ಲ. ನಮ್ಮ ಅವ್ವ ಜೀವಾ ಇಟ್ಕೊಳ್ಳೂದಿಲ್ಲ."

"ಅದು ಗೊತ್ತಿದ್ದs ಅಂಗಡಿಗೆ ಅಂದೆ. ಬಂದ ರೊಕ್ಕ ಮಠದ ದಾಸೋಹಕ್ಕಿರಲಿ."

ಬಸಂತರಾಯ ಕಣ್ಣೊರೆಸಿಕೊಂಡು, ಸಹಿ ಮಾಡಿದ ಕಾಗದಗಳನ್ನು ಚನ್ನಬಸಯ್ಯನ ಕೈಗೆ ಕೊಟ್ಟ. ಕೊಡುವಾಗ, ಪಾಪ, ಯಾವ ಕಪಟವೂ ಇಲ್ಲದೆ ಅಂದುಬಿಟ್ಟ: "ನೀವs ಅಲ್ಲರಿ ಅಯ್ನೋರ ಅಂದಿದ್ದು, ಅಜ್ಜಾರಿಗೆ ನಡ್ಯಾಕ ಆಗವಲ್ದು ಅಂತ? ಅದಕ್ಕs ನಾ..."

 ಅಜ್ಜಾರು ಚನ್ನಬಸಯ್ಯನ ಮುಖ ನೋಡಿದರು, ಆಮೇಲೆ ಅವನ ಮೊಣಕಾಲು ನೋಡಿದರು. ಚನ್ನಬಸಯ್ಯ ತಲೆ ಎತ್ತಲಿಲ್ಲ. ಮಠದ ಕಟ್ಟೆಯ ಮೇಲಿನ ಖಾಲಿ ಜಾಗ ಅವನ ಕಣ್ಣ ಮುಂದೆ ಬಂದು ನಿಂತಿತು.

"ಹೋಗಿ ಬಾ," ಎಂದರು ಅಜ್ಜಾರು. ಅಷ್ಟೇ. ಗಂಟನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ಕಾರು ಸೋಲಾಪುರದ ದಾರಿ ಹಿಡಿಯಿತು. ಚನ್ನಬಸಯ್ಯನ ಮಡಿಲು ಬರಿದಾಗಿತ್ತು, ಕೈ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

"ಅಯ್ನೋರ," ಎಂದ ಇಬ್ರಾಹಿಂಸಾಬ. "ಎತ್ತ ಆಗಿದ್ರ ಹಾಯ್ತೈತಿ, ಒದೀತೈತಿ ಅಂತ ಹೇಳಿ ತಿರುಗಿ ಕೊಡಬಹುದು. ಹೆಂಡ್ತಿ ಆಗಿದ್ರ ತವರಿಗೆ ಕಳಿಸಿ ಸುಮ್ನಿರಬಹುದು. ಇದಕ್ಕ ಏನಂತ ಹೇಳ್ತೀರಿ?"

"ಏನ ಹೇಳಲೋ ಮಾರಾಯ. ನನಗೂ ತಿಳೀವಲ್ದು."

"ಅವರು ತಗೊಳ್ಳೂದಿಲ್ಲ ತಗೋರಿ. ಮಾರಿದ್ದು ತಿರುಗಿ ತಗೊಂಡ್ರ ಅದು ಅಂಗಡಿ ಅಲ್ಲ, ಧರ್ಮಶಾಲಿ."

ಈ ಮಾತು ಚನ್ನಬಸಯ್ಯನ ಎದೆಯಲ್ಲಿ ತಣ್ಣಗೆ ಇಳಿಯಿತು. ಹೌದಲ್ಲ! ಅವರು ಒಲ್ಲೆ ಅಂದರೆ? ಬಸಂತರಾಯ ಒಲ್ಲ, ಅಂಗಡಿಯವನೂ ಒಲ್ಲ. ಕಾರು ಬೇರೆ ದಾರಿಯಿಲ್ಲದೆ ಅಜ್ಜಾರ ಹತ್ತಿರವೇ ಬರಬೇಕು. ಶಿವನೇ, ಅಂಗಡಿಯವನ ಬಾಯಲ್ಲಿ ಇಲ್ಲ ಅನ್ನಿಸು ಎಂದು ಬೇಡಿಕೊಂಡ. ಬೇಡಿಕೊಂಡದ್ದಕ್ಕೆ ತಾನೇ ನಾಚಿದ. ಗುರುವಿನ ಕೆಲಸಕ್ಕೆ ಹೊರಟು, ಆ ಕೆಲಸ ಕೆಡಲಿ ಎಂದು ದೇವರನ್ನು ಬೇಡುವ ಶಿಷ್ಯ! ಆದರೂ ನಾಚಿಕೆಗಿಂತ ಮೊಣಕಾಲಿನ ದನಿ ದೊಡ್ಡದಿತ್ತು. ಇನ್ನೊಂದು ಸಲ ಬೇಡಿಕೊಂಡ.

ಅಂಗಡಿಯ ಮ್ಯಾನೇಜರು ಕಾವಿ ಬಣ್ಣದ ಶಾಲು ಕಂಡು ಎದ್ದು ನಿಂತ. "ಕುಂದರ್ರಿ ಮಹಾರಾಜ, ಚಹಾ ತಗೋರಿ. ಏನಾಗೇತಿ ಗಾಡಿಗೆ?"

"ಏನೂ ಆಗಿಲ್ರಿ."

"ಇಂಜಿನ್ನು ಸಪ್ಪಳಾ ಮಾಡ್ತದ?"

"ಇಲ್ರಿ. ನಿದ್ದಿ ಬರ್ತೈತಿ, ಅಷ್ಟ ಛಲೋ ಹೋಗ್ತೈತಿ."

"ಮತ್ತ ದೋಷ ಏನು?"

ಚನ್ನಬಸಯ್ಯ ಇಬ್ರಾಹಿಂಸಾಬನ ಮುಖ ನೋಡಿದ. ಅವನು ಛಾವಣಿ ನೋಡುತ್ತಿದ್ದ. "ಇದರಾಗ ಕುಂತ್ರ ಕಾಲಿಗೆ ಮಣ್ಣ ಹತ್ತವಲ್ದರಿ," ಎಂದ ಚನ್ನಬಸಯ್ಯ.

ಮ್ಯಾನೇಜರು ಹೊರಗೆ ನಿಂತ ಕಾರಿನ ಕಡೆ ನೋಡಿದ. "ಮಹಾರಾಜ, ಮಣ್ಣ ಒಳಗ ಬರಬಾರದು ಅಂತನs ಕಂಪನಿಯವರು ಬಾಗಿಲಿಗೆ ರಬ್ಬರ ಹಚ್ಚಿರ್ತಾರ."

"ಅದs ದೋಷ ನೋಡ್ರಿ," ಎಂದ ಇಬ್ರಾಹಿಂಸಾಬ.

ಚನ್ನಬಸಯ್ಯ ಬದುವಿನ ಮೇಲೆ ಆದದ್ದನ್ನೆಲ್ಲ ಹೇಳಿದ. ಹೇಳುವಾಗ ಒಂದು ವಿಚಿತ್ರ ನಡೆಯಿತು. ಮ್ಯಾನೇಜರು ಇಲ್ಲ ಅನ್ನಲಿ ಎಂಬ ಆಸೆಯಲ್ಲಿ ಅವನು ಕತೆಯನ್ನು ಅರೆಬರೆ ಹೇಳಿ ಮುಗಿಸಬೇಕೆಂದಿದ್ದ. ಆದರೆ ಲಕ್ಕವ್ವನ ಪರಾತದ ತಿಳಿನೀರು ನಾಲಗೆಯ ಮೇಲೆ ಬಂದಾಗ ದನಿ ತಾನೇ ಒಡೆಯಿತು, ಕತೆ ತಾನೇ ಪೂರ್ತಿಯಾಯಿತು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡ.

"ಬೇರೆ ಯಾವ ಮಾಲಾಗಿದ್ರೂ ಒಲ್ಲೆ ಅಂತಿದ್ದೆ ಮಹಾರಾಜ. ಆದರ ಕಾರಿಗೆ ಪಾಳಿ ಹಚ್ಚಿ ನಿಂತವರು ಎಷ್ಟ ಮಂದಿ ಅದಾರಂತ ನಿಮಗ ಗೊತ್ತಿಲ್ಲ. ಇಗಾ, ಅಲ್ಲೇ ಒಬ್ರು ಕುಂತಾರ ನೋಡ್ರಿ. ವಾರಕ್ಕೊಮ್ಮೆ ಬರ್ತಾರ, ನನ್ನ ಗಾಡಿ ಬಂತೇನ್ರಿ ಅಂತ ಕೇಳ್ತಾರ, ಚಹಾ ಕುಡದು ಹೋಗ್ತಾರ."

ಮೂಲೆಯ ಬೆಂಚಿನಿಂದ ಇಂಡಿಯ ನಿಂಬೆಹಣ್ಣಿನ ವ್ಯಾಪಾರಿ ಶಂಕರೆಪ್ಪ ಆಗಲೇ ಎದ್ದು ನಿಂತಿದ್ದ. ಕಿವಿಗೆ ಬಿದ್ದದ್ದನ್ನು ನಂಬಲಾರದೆ ಬಾಯಿ ತೆರೆದಿತ್ತು. "ಅಜ್ಜಾರು ಕುಂತ ಗಾಡಿ ಏನ್ರಿ?" ಎಂದು ಕೇಳಿದವನೇ ಹೊರಗೆ ಓಡಿ, ಹಿಂದಿನ ಸೀಟಿಗೆ ಬಾಗಿ ಕೈ ಮುಗಿದ.

ಚನ್ನಬಸಯ್ಯನ ಚಹಾ ಆರಿತು. ಶಿವನು ಅವನ ಮಾತು ಕೇಳಿಸಿಕೊಂಡಿರಲಿಲ್ಲ.

ಕಾಗದ ಕೊಟ್ಟು, ರೊಕ್ಕ ಮಠದ ದಾಸೋಹಕ್ಕೆ ಕಳಿಸಲು ಹೇಳಿ ಅವನು ಹೊರಗೆ ಬರುವ ಹೊತ್ತಿಗೆ ಅಂಗಡಿಯ ಆಳು ಪೈಪು ಹಿಡಿದು ಕಾರು ತೊಳೆಯುತ್ತಿದ್ದ. ಗಾಲಿಯ ಸಂದಿಯಿಂದ, ಮಡಗಾರ್ಡಿನ ಹೊಟ್ಟೆಯಿಂದ ಮಣ್ಣು ಕರಗಿ ಇಳಿಯತೊಡಗಿತು. ಮೊದಲು ಬೂದು, ಆಮೇಲೆ ಕೆಂಪು, ಕೊನೆಗೆ ಕರ್‍ರಗೆ, ಬೆಣ್ಣೆಯಂತೆ. ಲಕ್ಕವ್ವ ಬೆರಳಲ್ಲಿ ಮುಟ್ಟಿ ಹೆಸರು ಹೇಳುವ ಮಣ್ಣುಗಳು ಒಂದರ ಹಿಂದೊಂದು ಸೋಲಾಪುರದ ಗಟಾರಕ್ಕೆ ಹೋಗಿ ಬಿದ್ದವು. ಚನ್ನಬಸಯ್ಯ ತನ್ನ ಪಾದ ನೋಡಿಕೊಂಡ. ಸ್ವಚ್ಛವಾಗಿದ್ದವು. ಈ ವರ್ಷ ಡೋಣಿಯನ್ನು ಯಾವ ಹೊತ್ತಿನಲ್ಲಿ ದಾಟಿದೆವು ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಆಗ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಿರಬೇಕು. ಕಟ್ಟೆಯ ಮೇಲೆ ಕೂತ ಶ್ರೀಶೈಲಯ್ಯನೇ ತನಗಿಂತ ಹೆಚ್ಚು ನಡೆದಿದ್ದಾನೆ ಎನ್ನಿಸಿ ಅವನಿಗೆ ಬಹಳ ದಣಿವಾಯಿತು.

ಶಂಕರೆಪ್ಪನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಇಬ್ರಾಹಿಂಸಾಬನಿಗೆ ಇನ್ನು ಮಾಡಲು ಕೆಲಸ ಇರಲಿಲ್ಲ. ಹೀಗಾಗಿ ಅವರಿಬ್ಬರ ಮಾತು ಬೇಗ ಮುಗಿಯಿತು. "ಅಲ್ಲಾ ಒಂದ ಬಾಗಿಲಾ ಹಾಕಿದ್ರ ಕಾರಿನ ಬಾಗಿಲಾ ತೆಗೀತಾನ್ರಿ," ಎಂದು ನಕ್ಕ ಇಬ್ರಾಹಿಂಸಾಬ. ಆಮೇಲೆ ದನಿ ತಗ್ಗಿಸಿ, "ಬರ್ರಿ ಅಯ್ನೋರ, ಹೊರ್ತಿ ತನಕಾ ಬಿಟ್ಟು ಇಂಡಿಗೆ ಹೋಗ್ತೇವಿ. ನಿಮ್ಮ ಕಾಲು ನಾ ನೋಡಿಲ್ಲೇನು?" ಎಂದ.

ಚನ್ನಬಸಯ್ಯ ತೆರೆದ ಬಾಗಿಲು ನೋಡಿದ, ಸೀಟು ನೋಡಿದ. "ಬ್ಯಾಡೋ ತಮ್ಮಾ. ಅದರಾಗs ಕುಂತು ಹೋದ್ರ ತಿರುಗಿ ಕೊಟ್ಟಂಗ ಆಗೂದಿಲ್ಲ. ನೀ ಹುಷಾರಾಗಿ ಹೋಗು."

ಅವನು ಕೆಂಪು ಬಸ್ಸು ಹಿಡಿದ. ಊರು ದಾಟಿದ ಮೇಲೆ ಬಿಳಿ ಕಾರು ಹಾರನ್ನು ಬಾರಿಸುತ್ತ ಬಸ್ಸಿನ ಪಕ್ಕದಲ್ಲೇ ಹಾದುಹೋಯಿತು. ರಸ್ತೆಬದಿಯ ಧೂಳೆಲ್ಲ ಎದ್ದು ಕಿಟಕಿಯಿಂದ ಅವನ ಮುಖಕ್ಕೆ ಬಡಿಯಿತು. ಅವನು ಕೈ ಮುಗಿಯಲು ಎತ್ತಿದ. ಮುಗಿಯುವಷ್ಟರಲ್ಲಿ ಕಾರು ಹೋಗಿಯಾಗಿತ್ತು.

ಹೊರ್ತಿಯಲ್ಲಿ ಇಳಿದಾಗ ಬಿಸಿಲು ಬಾಡಿತ್ತು. ಮಡ್ಡಿಯ ದಾರಿ ಹಿಡಿದು ಹೊರಟ. ಏರಿನಲ್ಲಿ ಎಡಗಾಲು ಹಿಡಿಯಿತು, ಇಳಿಜಾರಿನಲ್ಲಿ ಬಲಗಾಲು. ನಡುದಾರಿಯ ಬೇವಿನ ಮರದ ಬುಡಕ್ಕೆ ಬರುವಷ್ಟರಲ್ಲಿ ಎರಡೂ ಸೋತವು. ಅವನು ಕೂತ. ಗೋಡೆ ಇಲ್ಲದ ಕಡೆ ಕೂತೆನಲ್ಲ, ಇನ್ನು ಏಳುವುದು ಹೇಗೆ ಎಂದು ಯೋಚಿಸುವಾಗ, ಮಡ್ಡಿಯ ಆಚೆಯಿಂದ ಒಂದು ಕಾವಿ ನಿಧಾನವಾಗಿ ನಡೆದು ಬರುವುದು ಕಂಡಿತು. ಅಜ್ಜಾರು ಒಬ್ಬರೇ ಬರುತ್ತಿದ್ದರು. ಹೆಗಲ ಮೇಲೆ ಗಂಟಿತ್ತು.

ಚನ್ನಬಸಯ್ಯ ಏಳಲು ಒದ್ದಾಡಿದ.

"ಕುಂದರು, ಕುಂದರು," ಎಂದು ಅಜ್ಜಾರು ತಾವೂ ಬೇರಿನ ಮೇಲೆ ಕೂತರು. "ತಗೊಂಡರೇನು?"

"ತಗೊಂಡರ್‍ರಿ. ಇಂಡಿ ಶಂಕರೆಪ್ಪಗ ಹೋತು."

"ಛಲೋ ಆತು. ಅವಗ ಬೇಕಾಗಿತ್ತು." ಗಂಟನ್ನು ಪಕ್ಕಕ್ಕಿಳಿಸಿ ಕೇಳಿದರು, "ನಡ್ಯಾಕ ಆಗವಲ್ದು ಅಂತ ಬಸಂತರಾಯಗ ಹೇಳಿದಿ. ನನಗ ಯಾಕ ಹೇಳಲಿಲ್ಲ?"

ಚನ್ನಬಸಯ್ಯ ನೆಲ ನೋಡಿದ. ಸುಳ್ಳು ಹೇಳುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. "ಹೇಳಿದ್ರ ನನ್ನ ಮಠದಾಗ ಕುಂದ್ರಸ್ತಿದ್ರಿ."

"ಹೌದು. ಕುಂದ್ರಸ್ತಿದ್ದೆ," ಎಂದರು ಅಜ್ಜಾರು.

ಬೇವಿನ ಎಲೆ ಒಂದೆರಡು ಉದುರಿದವು. ಆಗಬೇಕಾದದ್ದು ಆಯಿತು ಎಂದುಕೊಂಡ ಚನ್ನಬಸಯ್ಯ. ಅಳು ಬರುತ್ತದೇನೋ ಎಂದು ಕಾದ, ಬರಲಿಲ್ಲ. ದಣಿದವನಿಗೆ ಅಳುವುದೂ ಒಂದು ಕೆಲಸ.

"ನಿನ್ನೆಯಿಂದ ಒಂದs ಯೋಚನಿ ಮಾಡಾಕತ್ತೇನಿ," ಎಂದರು ಅಜ್ಜಾರು. "ಹಾದ್ಯಾಗ ನಿಂತ ಲಕ್ಕವ್ವನಂಥವರನ್ನ ದಾಟಿ ಹೋತಲ್ಲ ಗಾಡಿ, ಅದಕ್ಕ ನನಗ ಸಿಟ್ಟು ಬಂದಿತ್ತು. ಆದರ ಗಾಡಿಗಿಂತ ಮೊದಲು ದಾಟಿ ಹೋದಾಂವ ನಾನು. ಶ್ರೀಶೈಲಯ್ಯ ಸಿಂದಗಿ ಹಾದ್ಯಾಗ ಕಾಲು ಸೋತು ಕುಂತ. ನಿಂತು ಹೋಗೂಣು ಅನ್ನಲಿಲ್ಲ ನಾ. ಮಠದಾಗ ಕುಂದರು ಅಂದೆ, ಮುಂದ ನಡದೆ. ಅಜ್ಜಾರು ಎಲ್ಲಿಗೆ ಮುಟ್ಯಾರ ಅಂತ ಅವ ಕೇಳೂದು ನನಗ ಮಂದಿ ಹೇಳ್ತಿದ್ರು. ಕೇಳಿ, ನಕ್ಕು, ನಡಕೋತ ಹೋದೆ. ಆಗ ಯಾವ ಗಾಡಿ ಇತ್ತಪ್ಪ ನನ್ನ ಬುಡಕ?"

ಚನ್ನಬಸಯ್ಯ ತಲೆ ಎತ್ತಿ ನೋಡಿದ. ಅಜ್ಜಾರ ಮುಖದಲ್ಲಿ ಅವನು ಎಂದೂ ಕಾಣದ ಒಂದು ಆಯಾಸ ಇತ್ತು.

"ಇನ್ನ ಸುತ್ತು ಸಣ್ಣದಾಗಲಿ," ಎಂದರು. "ನಿನ್ನ ಕಾಲು ಎಷ್ಟ ಅಂತಾವೋ ಅಷ್ಟ. ಮುದ್ದೇಬಿಹಾಳ ಮುಟ್ಟಿದ್ರ ಮುಟ್ಟೂಣು, ಇಲ್ಲಾ ಇಲ್ಲ. ತಂಗಡಗಿ ಹೊಳಿ ಎಲ್ಲೂ ಓಡಿ ಹೋಗೂದಿಲ್ಲ. ಈಗ ಮೊದಲು ಮಠಕ್ಕ ಹೋಗೂಣು. ಶ್ರೀಶೈಲಯ್ಯನ ಮುಂದ ಒಂದಿಷ್ಟ ದಿನಾ ಕುಂದ್ರೂದೈತಿ ನನಗ."

"ಗಂಟು ಕೊಡ್ರಿ ಅಜ್ಜಾರ."

"ನಾ ಹೊರತೇನಿ."

"ಮಂದಿ ನೋಡಿದ್ರ ಏನಂದಾರ್ರಿ?"

"ಗಾಲಿ ತೊಳದು ಕುಡದ ಮಂದಿ," ಎಂದು ಅಜ್ಜಾರು ನಕ್ಕರು. "ಅವರು ಏನ ಅಂದ್ರೂ ನಡೀತೈತಿ. ಏಳು."

ಅವರು ಕೈ ಕೊಟ್ಟರು. ಚನ್ನಬಸಯ್ಯ ಆ ಕೈ ಹಿಡಿದು ಎದ್ದ. ಮೊಣಕಾಲು ಸದ್ದು ಮಾಡಿತು, ಈ ಸಲ ಅವನು ಕೆಮ್ಮಿ ಅದನ್ನು ಮುಚ್ಚಲಿಲ್ಲ. ಅಂದಿನ ರಾತ್ರಿಗೆ ಇಬ್ಬರೂ ಮಡ್ಡಿಯ ದಾರಿಯಲ್ಲಿ ಲಕ್ಕವ್ವನ ವಸ್ತಿಯ ಕಡೆ ಹೊರಟರು. ಹಿಂದೆ ನಡೆದು ಅಭ್ಯಾಸವಿದ್ದ ಚನ್ನಬಸಯ್ಯ ಹಿಂದಕ್ಕೆ ಉಳಿದರೆ ಅಜ್ಜಾರು ನಿಲ್ಲುವರು. ಅವನು ಬಂದು ಪಕ್ಕಕ್ಕೆ ಸೇರಿದ ಮೇಲೆ ಹೆಜ್ಜೆ ಎತ್ತುವರು. ಹೀಗೆ ನಿಂತು ನಿಂತು ಬರುವುದರೊಳಗೆ ದೀಪ ಹಚ್ಚುವ ಹೊತ್ತಾಯಿತು.

ಲಕ್ಕವ್ವ ಪರಾತ ಇಟ್ಟುಕೊಂಡು ಹಾಸುಗಲ್ಲಿನ ಹತ್ತಿರ ಕಾಯುತ್ತಿದ್ದಳು. ಅಜ್ಜಾರ ಪಾದಕ್ಕೆ ನೀರು ಹೊಯ್ದಳು. ಆಮೇಲೆ ಏನೋ ಹೊಳೆದವಳಂತೆ ಚನ್ನಬಸಯ್ಯನ ಕಾಲನ್ನೂ ಹಿಡಿದು ಪರಾತದೊಳಗೆ ಇಡಿಸಿದಳು. ನೀರು ಕದಡಿತು. ಅವಳು ಬೆರಳದ್ದಿ ನೋಡಿದಳು.

"ಇದೇನ್ರಿ, ಬರೇ ನಮ್ಮ ಮಡ್ಡಿ ಮಣ್ಣs ಐತಿ," ಎಂದಳು.

"ಈ ವರ್ಷ ಅಷ್ಟs ನಡದೇವಿ ಯವ್ವಾ," ಎಂದ ಚನ್ನಬಸಯ್ಯ.

ಲಕ್ಕವ್ವ ಕ್ಷಣ ಯೋಚಿಸಿದಳು. ಮೂರು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಉಳಿದ ನೀರನ್ನು ಹೊತ್ತು ಹೊಲದ ಮೂಲೆಯ ಕಡೆ ಹೊರಟಳು. ಚನ್ನಬಸಯ್ಯ ಹಾಸುಗಲ್ಲಿನ ಮೇಲೆ ಅಜ್ಜಾರ ಪಕ್ಕ ಕೂತು, ಒದ್ದೆ ಕಾಲುಗಳನ್ನು ಗಾಳಿಗೆ ಚಾಚಿದ.